ಹಗ್ಗ ಕಟ್ಟಿಕೊಂಡು ಮರ ಏರಿದ ಸೊಸೆ

ಮೋರಖಂಡಿಯ ಕಡೆ ಆಡು ಸಾಕುವ ಮನೆಗಳು ಬಹಳ. ಬೇಸಿಗೆ ಬಂದು ನೆಲದ ಹಸಿರು ಒಣಗಿತೆಂದರೆ ಗಂಡಸರು ಕೊಡಲಿ ಸೊಂಟಕ್ಕೆ ಸಿಗಿಸಿಕೊಂಡು ಮರ ಏರುತ್ತಾರೆ, ಟೊಂಗೆ ಕಡಿದು ಆಡಿಗೆ ಸೊಪ್ಪು ಹಾಕುತ್ತಾರೆ. ಬರಿಗಾಲು, ಬರಿಗೈ. ವರ್ಷಕ್ಕೆ ಯಾರಾದರೊಬ್ಬರು ಬೀಳುತ್ತಾರೆ. ಬಿದ್ದವರನ್ನು ಸಿಕ್ಕ ಗಾಡಿಗೆ ಹಾಕಿಕೊಂಡು ಬಸವಕಲ್ಯಾಣದ ದವಾಖಾನೆಗೆ ಓಡುತ್ತಾರೆ. ಕಾಲು ಉಳಿದರೆ ನಸೀಬು, ಸೊಂಟ ಹೋದರೆ ಹಣೆಬರಹ. ಮರುದಿನ ಅದೇ ಮರಕ್ಕೆ ಇನ್ನೊಬ್ಬರು ಏರುತ್ತಾರೆ, ಹಾಗೆಯೇ ಬರಿಗೈಯಲ್ಲಿ.

ಹೀಗೆ ಬಿದ್ದವರಲ್ಲಿ ಪಂಡರಿಯೂ ಒಬ್ಬ. ಒಂದು ಕಾಲದಲ್ಲಿ ಊರಿನಲ್ಲಿ ಅವನಂತೆ ಮರ ಏರುವವರಿರಲಿಲ್ಲ. ಈಗ ಬಡಿಗೆ ಊರಿಕೊಂಡು ನಡೆಯುತ್ತಾನೆ. ಎಡಗಾಲು ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಯಾಕೆ ಬಿದ್ದೆ ಎಂದು ಕೇಳಿದರೆ, "ಗಿಡಕ್ಕ ಸಿಟ್ಟ ಬಂದಿತ್ತು, ಕೆಡವಿತು" ಅನ್ನುತ್ತಾನೆ. ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ.

ಅವನ ಸೊಸೆ ರಾಜೇಶ್ವರಿ. ಹುಮನಾಬಾದ್ ತಾಲ್ಲೂಕಿನ ಹುಡಗಿ ಎಂಬ ಊರು ಅವಳ ತವರು. ಚಿಕ್ಕವಳಿದ್ದಾಗ ಆಡು ಕಾಯುತ್ತ ಬೇವು, ಮಾವು ಯಾವುದನ್ನೂ ಏರದೆ ಬಿಟ್ಟವಳಲ್ಲ. ದೊಡ್ಡವಳಾದ ಮೇಲೆ ಅವ್ವ ಮರದ ಬುಡದಲ್ಲಿ ನಿಂತು, "ಇಳಿ, ಇನ್ನ ನೀ ಗಿಡ ಏರಬಾರದು" ಅಂದಳು. ರಾಜೇಶ್ವರಿ ಇಳಿದಳು. ತಮ್ಮ ಮಾತ್ರ ಮೇಲೆಯೇ ಕುಳಿತಿದ್ದ. ಗಂಡು ಬಿದ್ದರೆ ಹಣೆಬರಹ, ಹೆಣ್ಣು ಏರಿದರೆ ಮಾನಗೇಡು. ಈ ನ್ಯಾಯ ಅವಳಿಗೆ ಅಂದೂ ಒಪ್ಪಿಗೆಯಾಗಲಿಲ್ಲ, ಮದುವೆಯಾಗಿ ಎರಡು ಮಕ್ಕಳ ತಾಯಿಯಾದ ಮೇಲೂ ಆಗಲಿಲ್ಲ.

ಅವಳು ಬಸವಕಲ್ಯಾಣದ ಒಂದು ಟೇಲರಿಂಗ್ ಅಂಗಡಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅಲ್ಲಿಗೆ ಸ್ನೇಹಲ್ ಎಂಬ ಹೆಣ್ಣುಮಗಳು ದಪ್ಪ ಕ್ಯಾನ್ವಾಸ್ ಬಟ್ಟೆಯ ತುಂಡು ಹಿಡಿದು ಬಂದಳು. ಅದೇ ಊರಿನ ವ್ಯಾಪಾರಸ್ಥರ ಮನೆಯ ಮಗಳು, ಹುಮನಾಬಾದಿನ ಕಾಲೇಜೊಂದರಲ್ಲಿ ಆಟ ಕಲಿಸುವ ಶಿಕ್ಷಕಿ.

"ಅಕ್ಕ, ಮುಷ್ಟಿಯಷ್ಟು ಒಂದು ಚೀಲ ಹೊಲಿದು ಕೊಡ್ರಿ. ಒಳಗ ಉಸುಕು ತುಂಬತೇನಿ. ಹೊಲಿಗಿ ಗಟ್ಟಿ ಇರಲಿ."

"ಇಷ್ಟ ಸಣ್ಣ ಚೀಲ ಯಾತಕ್ಕ ಬೇಕ್ರಿ ಮೇಡಂ?"

"ಸಣ್ಣ ದಾರಕ್ಕ ಕಟ್ಟಿ ಗಿಡದ ಟೊಂಗಿ ಮ್ಯಾಲಿಂದ ಒಗೀತೇವಿ. ಆ ದಾರದ ಹಿಂದ ದಪ್ಪ ಹಗ್ಗ ಎಳಕೋತೇವಿ. ಹಗ್ಗಕ್ಕ ನಮ್ಮನ್ನ ನಾವು ಕಟಗೊಂಡು ಗಿಡ ಏರ್ತೇವಿ."

ಹೊಲಿಗೆ ಮಷಿನ್ ನಿಂತಿತು. "ಏರಿ ಏನ್ ಕಡೀತೀರಿ?"

"ಏನೂ ಕಡಿಯಲ್ಲ. ಏರ್ತೇವಿ, ಜರಾ ಹೊತ್ತು ಕೂಡ್ತೇವಿ, ಇಳೀತೇವಿ. ಅದೊಂದು ಆಟ ಅಕ್ಕ. ಪುಣೆಯಾಗ ಕಲ್ತೀನಿ. ಈಗ ಐತವಾರಕ್ಕೊಮ್ಮೆ ನಮ್ಮ ಸೋದರಮಾವನ ಮಾವಿನ ತೋಟದಾಗ ಹೆಣ್ಮಕ್ಕಳಿಗೆ ಕಲಿಸಾಕತ್ತೇನಿ."

"ತೋಟ ಎಲ್ಲಿ ಬರ್ತದ?"

"ಹುಡಗಿ ದಾರಿಗೆ."

ರಾಜೇಶ್ವರಿ ಚೀಲ ಹೊಲಿದಳು, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದಳು. ಕೊಡುವಾಗ, "ಈ ಐತವಾರ ನಾನೂ ಬರ್ತೇನಿ" ಅಂದಳು. ಐತವಾರ, ಅಂದರೆ ಭಾನುವಾರ, ಅಂಗಡಿಗೆ ರಜೆ.

ಗಂಡ ಧರ್ಮೇಂದ್ರ ಬಸವಕಲ್ಯಾಣ, ಹುಮನಾಬಾದ್ ನಡುವೆ ಟಂಟಂ ಆಟೋ ಓಡಿಸುತ್ತಾನೆ. ಒಳ್ಳೆಯವನು, ಆದರೆ ಅವ್ವನ ಮುಂದೆ ಬಾಯಿ ಬಿಡುವವನಲ್ಲ. ತೋಟದ ಮುಂದೆ ಅವಳನ್ನು ಇಳಿಸುವಾಗ ಅವನಿಗೆ ಅದೊಂದೇ ಚಿಂತೆ.

"ಅವ್ವ ಕೇಳಿದ್ರ ಏನ್ ಹೇಳ್ಲಿ?"

"ಕೇಳಿದ್ರ ಖರೆ ಹೇಳ್ರಿ. ನಾ ಕಳವು ಮಾಡಾಕ ಬಂದಿಲ್ಲ."

ಮರ ಏರುವುದು ತನಗೆ ಗೊತ್ತಿರುವ ವಿದ್ಯೆ ಎಂದು ರಾಜೇಶ್ವರಿ ತಿಳಿದಿದ್ದಳು. ಅದು ಸುಳ್ಳಾಯಿತು. ಮೊದಲು ತಲೆಗೆ ಹೆಲ್ಮೆಟ್. ಆಮೇಲೆ ಸೊಂಟಕ್ಕೂ ತೊಡೆಗೂ ಬಿಗಿಯುವ ಅಗಲ ಪಟ್ಟಿ. ಅದಕ್ಕೆ ಹಾರ್ನೆಸ್ ಅನ್ನುತ್ತಾರೆ. ಅವಳು ಅದನ್ನು ತಿರುವು ಮುರುವು ಹಾಕಿಕೊಂಡಳು, ಸ್ನೇಹಲ್ ಬಿಚ್ಚಿಸಿ ಮತ್ತೆ ಹಾಕಿಸಿದಳು. ಹಗ್ಗ ಟೊಂಗೆಯ ಮೇಲಿಂದ ಬಂದು ಎರಡೂ ಕಡೆ ಜೋತುಬಿದ್ದಿತ್ತು. ಒಂದು ತುದಿ ಹಾರ್ನೆಸ್ಸಿನ ಕೊಂಡಿಗೆ. ಆ ಕೊಂಡಿಯ ಬಾಯಿಗೆ ತಿರುಪು ಬೀಗ, ತಾನಾಗಿ ತೆರೆದುಕೊಳ್ಳುವಂತಿಲ್ಲ. ಆ ತುದಿಯಲ್ಲೇ ಉಳಿದ ಹಗ್ಗದಿಂದ ಇನ್ನೊಂದು ಕಡೆಯ ಹಗ್ಗಕ್ಕೆ ಸುತ್ತಿದ ಒಂದು ಗಂಟು.

"ಈ ಗಂಟ ನೋಡ್ರಿ ಅಕ್ಕ. ಕೈಲಿ ದೂಡಿದ್ರ ಮ್ಯಾಲ ಸರೀತದ. ನಿಮ್ಮ ಭಾರ ಬಿತ್ತಂದ್ರ ಬಿಗೀತದ. ನೀವು ಕೈ ಬಿಟ್ರೂ ಅದು ನಿಮ್ಮನ್ನ ಬಿಡಲ್ಲ. ಈಗ ಕೂಡ್ರಿ."

"ಎಲ್ಲಿ ಕೂಡ್ಲಿ?"

"ಹಗ್ಗದ ಮ್ಯಾಲ."

ನೆಲದಿಂದ ಗೇಣು ಎತ್ತರ. ಅಷ್ಟೇ. ಟೊಂಗೆಯನ್ನು ನಂಬಿ ಬೆಳೆದವಳು, ಹಗ್ಗವನ್ನು ನಂಬಿ ಕೈಬಿಡಬೇಕೆಂದರೆ ಬೆರಳುಗಳು ಬಿಚ್ಚಲೇ ಇಲ್ಲ. ಕೊನೆಗೆ ಕಣ್ಣು ಮುಚ್ಚಿ ಕುಳಿತಳು. ಗಂಟು ಕಿರ್ರೆಂದು ಬಿಗಿಯಿತು, ಅವಳು ಗಾಳಿಯಲ್ಲಿ ಜೋಲಿಯಲ್ಲಿ ಕುಳಿತ ಕೂಸಿನಂತೆ ತೂಗಾಡಿದಳು. ಆ ದಿನ ಅವಳು ಆಳೆತ್ತರ ಕೂಡ ಸರಿಯಾಗಿ ಏರಲಿಲ್ಲ. ಅಂಗೈ ಉರಿ, ತೊಡೆಯಲ್ಲಿ ಪಟ್ಟಿಯ ಬರೆ. ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ತೋಳು ಸೋತು ಬರುತ್ತಿತ್ತು. ಆದರೂ ಅವಳ ಅರಳಿದ ಮುಖ ನೋಡಿ, ಹುಡಗಿ ದಾರಿಗೆ ಹೋದವಳು ತವರಿಗೇ ಹೋಗಿದ್ದಾಳೆಂದು ತಿಳಿದಿದ್ದ ಅತ್ತೆ ಧೂಳಮ್ಮ, "ತವರಮನ್ಯಾಗ ಏನಾರ ಸಿಹಿ ಸುದ್ದಿ ಇತ್ತೇನು?" ಎಂದು ಕೇಳಿದಳು.

ಹೋಗುತ್ತ ಹೋಗುತ್ತ ಗಂಟು ಕೈಗೆ ಬಂತು. ಕಾಲಿಂದ ಒತ್ತುವುದು, ಗಂಟು ಸರಿಸುವುದು, ಕೂಡುವುದು, ದಣಿವಾರಿಸಿಕೊಳ್ಳುವುದು. ಒಂದು ಐತವಾರ ಅವಳು ಮಾವಿನ ನಡುನೆತ್ತಿಗೆ ತಲುಪಿದಳು. ಎಲೆಗಳ ನಡುವೆ ಹೆದ್ದಾರಿಯ ಲಾರಿಗಳು ಆಟಿಕೆಯಂತೆ ಕಂಡವು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ, ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅವಳು ಅಲ್ಲಿ ಕುಳಿತು ಸುಮ್ಮನೆ ನಕ್ಕಳು.

ಇಂಥ ಸುದ್ದಿ ನಿಲ್ಲುತ್ತದೆಯೇ? ಗಿರಣಿಯಲ್ಲಿ ಯಾರೋ ಧೂಳಮ್ಮನಿಗೆ ಹೇಳಿದರು. ನಿನ್ನ ಸೊಸೆ ಪೈಜಾಮ ಹಾಕಿಕೊಂಡು, ತಲೆಗೆ ಬೋಗುಣಿ ಕವುಚಿಕೊಂಡು ಗಿಡದಲ್ಲಿ ಜೋತಾಡುತ್ತಾಳೆ ಎಂದು. ಧೂಳಮ್ಮ ಹಿಟ್ಟಿನ ಡಬ್ಬಿ ಅಂಗಳದಲ್ಲೇ ಇಳಿಸಿ ಕೂಗಿದಳು.

"ಈ ಮನ್ಯಾಗ ಒಬ್ಬರು ಬಿದ್ದು ಕುಂಟಾಗಿದ್ದು ಸಾಲ್ದೇನು? ಮಕ್ಕಳನ್ನ ಯಾರ ಕೈಗೆ ಕೊಟ್ಟು ಹೋಗಾಕಿ?"

"ಬೀಳಬಾರದಂತೇ ಹಗ್ಗ ಕಟಗೋತೇನಿ ಅತ್ತಿ."

"ಅಷ್ಟ ಮ್ಯಾಲ ಹೋಗಿ ಏನ್ ತಂದಿ? ಹುಣಸಿಕಾಯಿ ತಂದ್ಯಾ, ಸೊಪ್ಪು ತಂದ್ಯಾ?"

"ಏನೂ ತಂದಿಲ್ಲ. ನಿಮ್ಮ ಮಗ ಕ್ರಿಕೆಟ್ ಆಡಾಕ ಹೋದ್ರ ಮನಿಗಿ ಏನ್ ತರ್ತಾರ? ಅವರನ್ನ ಯಾರೂ ಕೇಳಲ್ಲ."

ಕಟ್ಟೆಯ ಮೇಲೆ ಕುಳಿತಿದ್ದ ಪಂಡರಿ ನಕ್ಕ. ಬಡಿಗೆ ನೆಲಕ್ಕೆ ಕುಟ್ಟಿದ. "ಹಗ್ಗ ಕಟಗೊಂಡು ಏರೋದು ಏರೋದಾ? ಅಂಜಿದವರು ಮಾಡೋ ಕೆಲಸ. ನಾ ಒಂದಿನ ಹಗ್ಗ ಮುಟ್ಟಿಲ್ಲ."

ರಾಜೇಶ್ವರಿಗೆ ತಡೆಯಲಾಗಲಿಲ್ಲ. ಮಾವನ ಎದುರು ಅವಳು ಎಂದೂ ಮುಖವೆತ್ತಿ ಮಾತಾಡಿದವಳಲ್ಲ. ಅಂದು ಆಡಿದಳು.

"ಕದ್ದು ಏರಿದೆ, ಅಂಜಿ ಏರಿದೆ ಅನಸ್ತದಲ್ಲ ನಿಮಗ. ಇನ್ನ ನಿಮ್ಮೆಲ್ಲರ ಮುಂದ ಏರ್ತೇನಿ. ನಮ್ಮ ಹೊಲದ ಹುಣಸಿ ಗಿಡಾನೇ ಏರ್ತೇನಿ."

ಅಷ್ಟು ಹೇಳಿದವಳು ಕೊಟ್ಟಿಗೆಗೆ ಹೋಗಿ ಆಡು ಕಟ್ಟುವ ನೈಲಾನ್ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದೇಬಿಟ್ಟಳು. ಪಂಡರಿ ಬಡಿಗೆ ಊರುತ್ತ ಹಿಂದೆ ಬಂದ. ಸಿಟ್ಟಿನಲ್ಲಿ ಅವಳ ಕೈ ಬೇಗ ಬೇಗ ಕೆಲಸ ಮಾಡಿತು. ತಗ್ಗಿನ ಟೊಂಗೆಯ ಮೇಲೆ ಹಗ್ಗ ಎಸೆದಳು, ಸೊಂಟಕ್ಕೆ ಸುತ್ತಿದಳು, ಕಲಿತ ಗಂಟನ್ನೇ ಹಾಕಿದಳು. ಆದರೆ ಏರುವ ಮುಂಚೆ ಗೇಣು ಎತ್ತರದಲ್ಲಿ ಕುಳಿತು ನೋಡಬೇಕೆಂಬುದು ಅವಳ ಮೈಗೆ ರೂಢಿಯಾಗಿಹೋಗಿತ್ತು. ಕುಳಿತಳು. ಆ ನುಣುಪು ಹಗ್ಗದಲ್ಲಿ ಗಂಟು ಬಿಗಿಯಲಿಲ್ಲ, ಸರ್ರನೆ ಜಾರಿತು. ರಾಜೇಶ್ವರಿ ಹುಣಸೆಯ ಬುಡದಲ್ಲಿ ಧೊಪ್ಪನೆ ಕುಕ್ಕರಿಸಿದಳು.

ಪಂಡರಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಸೀರೆಯ ಧೂಳು ಕೊಡವಿಕೊಂಡು, ಅಲ್ಲೇ ನಿಂತು ಸ್ನೇಹಲ್‌ಗೆ ಫೋನ್ ಮಾಡಿದಳು. ನಡೆದದ್ದನ್ನು ಒಂದೂ ಮುಚ್ಚದೆ ಹೇಳಿದಳು. ಆ ಕಡೆಯಿಂದ ಸ್ನೇಹಲ್ ಗದರಿದಳು.

"ಕುಂತು ನೋಡಿದ್ದಕ್ಕ ಉಳದೀರಿ ಅಕ್ಕ. ಅದು ಆಡಿನ ಹಗ್ಗ, ಮನುಷ್ಯರ ಜೀವದ ಹಗ್ಗ ಅಲ್ಲ. ಜಿದ್ದ ಮಂದಿ ಜೋಡಿ ಮಾಡ್ರಿ, ನಾ ನಿಮ್ಮ ಹಿಂದ ನಿಲ್ತೇನಿ. ಗಿಡದ ಜೋಡಿ ಜಿದ್ದ ಬ್ಯಾಡ. ಅದಕ್ಕ ನೀವು ಯಾರಂತ ಗೊತ್ತಿಲ್ಲ. ನಾ ಬರೋತನಕ ಕಾಲ ನೆಲಾ ಬಿಡಬಾರದು."

ಐತವಾರ ಧರ್ಮೇಂದ್ರನ ಟಂಟಂನಲ್ಲೇ ಸ್ನೇಹಲ್ ಸಾಮಾನಿನ ಚೀಲ ಹೊತ್ತು ಬಂದಳು. ಹೊಲದಲ್ಲಿ ಮಂದಿ ಆಗಲೇ ಸೇರಿದ್ದರು. ಪಕ್ಕದ ಹೊಲದ ಹಿರಿಯ ಮಹಾರುದ್ರಪ್ಪನೂ ಬಂದು ಬದುವಿನ ಮೇಲೆ ನಿಂತಿದ್ದ. ಸ್ನೇಹಲ್ ಚೀಲ ಬಿಚ್ಚಲಿಲ್ಲ. ನೇರ ಪಂಡರಿಯ ಹತ್ತಿರ ಹೋಗಿ ಕೈ ಮುಗಿದಳು.

"ಕಾಕಾ, ಗಿಡ ನಿಮ್ಮದು. ನೀವು ಹೂಂ ಅಂದ್ರ ಹಗ್ಗ ಹಾಕ್ತೇನಿ, ಇಲ್ಲಂದ್ರ ಇಲ್ಲ."

ಪಂಡರಿ ಇದನ್ನು ಎಣಿಸಿರಲಿಲ್ಲ. ಸೊಸೆ ಮತ್ತೊಮ್ಮೆ ಬೀಳುವುದನ್ನು ಊರು ನೋಡಲಿ ಎಂದೋ ಏನೋ, "ಹಾಕ್ರಿ" ಅಂದ. ಬಡಿಗೆಯಿಂದ ಒಂದು ದಪ್ಪ ಟೊಂಗೆ ತೋರಿಸಿದ. "ಅಗೋ, ಅದಕ್ಕ ಹಾಕ್ರಿ. ಬೇಶ್ ಅದ."

ಸ್ನೇಹಲ್ ಮರದ ಸುತ್ತ ನಿಧಾನಕ್ಕೆ ತಿರುಗಿದಳು. ಬುಡದಲ್ಲಿ ಪೊಟರೆ ಇದೆಯೇ, ಅಣಬೆ ಎದ್ದಿದೆಯೇ, ಹತ್ತಿರ ಕರೆಂಟಿನ ತಂತಿ ಇದೆಯೇ, ಜೇನು ಕಟ್ಟಿದೆಯೇ ಎಲ್ಲ ನೋಡಿದಳು. ಆಮೇಲೆ ಪಂಡರಿ ತೋರಿಸಿದ ಟೊಂಗೆಯ ಕೆಳಗೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಕಾಕಾ, ಇದರ ತುದಿ ನೋಡ್ರಿ. ಎಲಿನೇ ಇಲ್ಲ. ಮ್ಯಾಲ ತೊಗಟಿ ಬಿಟ್ಟದ. ಇದು ಸತ್ತ ಟೊಂಗಿ."

"ದಪ್ಪ ಅದಲ್ಲ?"

"ದಪ್ಪ ಇದ್ರೂ ಸತ್ತದ. ಭಾರ ಬಿದ್ದ ಕೂಡ್ಲೇ ಮುರೀತದ."

ಪಂಡರಿಯ ಬಡಿಗೆ ಕೆಳಗಿಳಿಯಿತು. ಅವನು ಟೊಂಗೆಯನ್ನೇ ಬಹಳ ಹೊತ್ತು ನೋಡಿದ. ಮೀಸೆಯೊಳಗೇ ಏನೋ ಅಂದ. ಹತ್ತಿರವಿದ್ದ ರಾಜೇಶ್ವರಿಗೆ ಮಾತ್ರ ಕೇಳಿಸಿತು. "ಅವತ್ತಿನ ಟೊಂಗಿನೂ ಹಿಂಗೇ ಇತ್ತು. ನಾ ಮ್ಯಾಲ ನೋಡ್ಲೇ ಇಲ್ಲ."

ತೊಡೆಗಿಂತ ದಪ್ಪನೆಯ, ಹಸಿರೆಲೆ ತುಂಬಿದ ಇನ್ನೊಂದು ಟೊಂಗೆಗೆ ಹಗ್ಗ ಬಿತ್ತು. ತೊಗಟೆ ಸುಲಿಯದಿರಲಿ ಎಂದು ಹಗ್ಗಕ್ಕೆ ಕ್ಯಾನ್ವಾಸಿನ ಕೊಳವೆ ತೊಡಿಸಿದರು. ಮರದ ಕೆಳಗೆ ಯಾರೂ ನಿಲ್ಲಬಾರದೆಂದು ಸ್ನೇಹಲ್ ಎಲ್ಲರನ್ನೂ ಹಿಂದೆ ಸರಿಸಿದಳು. ರಾಜೇಶ್ವರಿ ಚೂಡಿದಾರದ ಮೇಲೆ ಹಾರ್ನೆಸ್ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಮುಂದೆ ಬಂದಾಗ ಮಹಾರುದ್ರಪ್ಪ ಕೆಮ್ಮಿದ.

"ಪಂಡರಿ, ಮಾವ ತೆಳಗ, ಸೊಸಿ ಮ್ಯಾಲ. ಇದು ಚಂದ ಕಾಣ್ತದೇನು?"

ಉತ್ತರ ಕೊಟ್ಟವಳು ರಾಜೇಶ್ವರಿ.

"ಕಾಕಾ, ನಾನು ನಿಮ್ಮ ಹೊಲದಾಗ ತೊಗರಿ ಕೊಯ್ಯಾಕ ಬಂದಾಗ ಬಿಸಲಾಗ ಬಗ್ಗಿ ನಿಂತಿದ್ದೆ. ಆವಾಗ ಚಂದ ಕಾಣ್ತದೇನು ಅಂತ ನೀವು ಕೇಳಿರಲಿಲ್ಲ. ಇವತ್ತ ನೆಟ್ಟಗ ಮ್ಯಾಲ ಹೊಂಟೇನಿ. ನೋಡಾಕ ಆಗ್ಲಿಲ್ಲಂದ್ರ ಮಾರಿ ಆ ಕಡಿ ಮಾಡ್ರಿ."

ಗೇಣು ಎತ್ತರದಲ್ಲಿ ಕುಳಿತಳು. ಕುಣಿದು ನೋಡಿದಳು. ಗಂಟು ಹಿಡಿಯಿತು. ಸ್ನೇಹಲ್ ಕೊಂಡಿ, ಪಟ್ಟಿ, ಗಂಟು ಒಂದೊಂದನ್ನೂ ಮುಟ್ಟಿ ನೋಡಿ ತಲೆಯಾಡಿಸಿದಳು. ರಾಜೇಶ್ವರಿ ಹೊರಟಳು.

ಅರ್ಧ ದಾರಿಯಲ್ಲಿ ಕಾಂಡಕ್ಕೆ ಊರಿದ್ದ ಅವಳ ಕಾಲು ಜಾರಿತು. ಧೂಳಮ್ಮನ ಬಾಯಿಂದ ಚೀತ್ಕಾರ ಹೊರಟಿತು. ರಾಜೇಶ್ವರಿ ಗೇಣು ಕೂಡ ಕೆಳಗೆ ಬರಲಿಲ್ಲ. ಗಂಟು ಬಿಗಿದು ಅವಳನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಲ್ಲಿಸಿತ್ತು. ಅವಳು ಬೇಕೆಂದೇ ಎರಡೂ ಕೈ ಬಿಟ್ಟು ಅಗಲಿಸಿ ತೋರಿಸಿದಳು. ಧೂಳಮ್ಮ ಎದೆಗೆ ಕೈ ಹಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಅವಳು ಏಳುವಷ್ಟರಲ್ಲಿ ಸೊಸೆ ಮೇಲಿನ ಕವಲಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದಳು.

ಅವಳು ಇಳಿದು ಬಂದು, ಮಂದಿ ಚದುರಿದ ಮೇಲೆ ಪಂಡರಿ ಹತ್ತಿರ ಬಂದ. ಕೆಳಗಿಟ್ಟಿದ್ದ ಹಾರ್ನೆಸ್ಸನ್ನು ಬಡಿಗೆಯ ತುದಿಯಿಂದ ಎತ್ತಿ ನೋಡಿದ.

"ಇದು ನನ್ನ ಸೊಂಟಕ್ಕ ಬರ್ತದೇನು?"

"ನಿಮಗೇನು ತಲಿ ಕೆಟ್ಟದಾ" ಅಂದಳು ಧೂಳಮ್ಮ.

ಸ್ನೇಹಲ್ ನಗಲಿಲ್ಲ. "ಬರ್ತದ ಕಾಕಾ. ಆದ್ರ ಇವತ್ತಲ್ಲ. ಮೊದಲ ಡಾಕ್ಟರ್ ಹತ್ರ ಹೋಗಿ, ಸೊಂಟಕ್ಕ ಭಾರ ಬಿದ್ರ ನಡೀತದೋ ಇಲ್ಲೋ ಕೇಳ್ರಿ. ಅವರು ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೇನಿ."

"ಕಾಲಿಲ್ಲದ ಹ್ಯಾಂಗ ಏರಲಿ ನಾ?"

"ನೀವು ಏರೋದು ಬ್ಯಾಡ, ಕೂಡ್ರಿ ಸಾಕು. ರಾಟಿ ಹಾಕಿ ನಾವು ಎಳೀತೇವಿ. ಜೋಡಿಗೆ ಇನ್ನೊಂದು ಹಗ್ಗ ಬಂದೋಬಸ್ತಿಗೆ ಇರ್ತದ."

ಧರ್ಮೇಂದ್ರ ಅಪ್ಪನನ್ನು ಬಸವಕಲ್ಯಾಣದ ಡಾಕ್ಟರ ಬಳಿ ಕರೆದೊಯ್ದ. ಅವರು ಎಕ್ಸ್‌ರೇ ತೆಗೆಸಿ ನೋಡಿ, ಮೂಳೆ ಕೂಡಿಕೊಂಡಿದೆ, ಕುಳಿತುಕೊಂಡು ಹೋಗುವುದಾದರೆ ಅಡ್ಡಿಯಿಲ್ಲ, ಜರ್ಕ್ ಆಗಬಾರದು ಅಂದರು.

ಮತ್ತೊಂದು ಐತವಾರ. ಪಂಡರಿಗೆ ಹೆಲ್ಮೆಟ್ ಹಾಕಿದ್ದು, ತೊಡೆಗೆ ಪಟ್ಟಿ ಬಿಗಿದದ್ದು ಮಗ. ಗಂಟು ಹಾಕಿ, ಸ್ನೇಹಲ್‌ಗೆ ತೋರಿಸಿ, ಮತ್ತೆ ಮುಟ್ಟಿ ನೋಡಿದ್ದು ಸೊಸೆ. ಎಳೆಯುವ ಹಗ್ಗಕ್ಕೆ ಆಳು ಬೇಕಾದಾಗ ಧೂಳಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು.

"ಬ್ಯಾರೇವರ ಕೈಗೆ ಕೊಡಲ್ಲ ನಾ. ಸರೀರಿ."

ಪಂಡರಿ ನೆಲ ಬಿಟ್ಟ. ಕುಂಟು ಕಾಲು ಗಾಳಿಯಲ್ಲಿ ಇನ್ನೊಂದು ಕಾಲಿನ ಸಮಕ್ಕೆ ಜೋತಾಡಿತು. ಅವನು ಮೊದಲು ಹಗ್ಗವನ್ನು ಎರಡೂ ಕೈಯಿಂದ ಹಿಂಡಿ ಹಿಡಿದಿದ್ದ. ರಾಜೇಶ್ವರಿ ಪಕ್ಕದ ಹಗ್ಗದಲ್ಲಿ ಅವನ ಜೊತೆಗೇ ಏರುತ್ತ, "ಕೂಡ್ರಿ ಮಾವ, ಹಿಡದದ, ಬಿಡಲ್ಲ" ಅನ್ನುತ್ತಿದ್ದಳು. ಕವಲು ಹತ್ತಿರವಾದಾಗ ಪಂಡರಿ ಒಂದು ಕೈ ಬಿಟ್ಟು ತೊಗಟೆಯನ್ನು ಸವರಿದ, ಕರುವಿನ ಮೈ ಸವರಿದಂತೆ. ಬಿದ್ದ ದಿನದಿಂದ ಅವನು ಯಾವ ಮರವನ್ನೂ ಮುಟ್ಟಿರಲಿಲ್ಲ.

"ಮಾವ, ಏನ್ ಕಾಣ್ತದ?"

"ಎಲ್ಲಾ ಕಾಣ್ತದವ್ವ" ಅಂದ ಪಂಡರಿ. ಕಣ್ಣು ಒರೆಸಿಕೊಳ್ಳಲು ಹೆಲ್ಮೆಟ್ಟಿನ ಪಟ್ಟಿ ಅಡ್ಡ ಬರುತ್ತಿತ್ತು.

ಬದುವಿನ ಮೇಲೆ ಮಹಾರುದ್ರಪ್ಪ ಇಂದೂ ನಿಂತಿದ್ದ. "ಪಂಡರಿ, ಈ ವಯಸ್ಸಿನಾಗ ಹೆಂಗಸರ ಮಾತ ಕೇಳಿ ಗಿಡ ಏರಿದೀ?"

ಪಂಡರಿ ಮೇಲಿನಿಂದಲೇ, ಊರಿಗೆಲ್ಲ ಕೇಳುವಂತೆ ಹೇಳಿದ. "ಹಗ್ಗ ಬ್ಯಾಡ ಅನ್ನೋ ಗಂಡಸರ ಮಾತ ಕೇಳಿ ಏರಿದಾಗ ಬಿದ್ದಿದ್ದೆ. ಇವತ್ತ ನನ್ನ ಸೊಸಿ ಮಾತ ಕೇಳಿ ಏರೀನಿ, ಕುಂತೀನಿ ನೋಡು."

ಊಟದ ಹೊತ್ತು ಮೀರಿತು. ಇಳಿಸಲೇ ಎಂದು ಸ್ನೇಹಲ್ ಕೇಳಿದರೂ ಪಂಡರಿ ಹೊಲದ ಆಚೆ ನೋಡುತ್ತಲೇ ಇದ್ದ. ಹಗ್ಗ ಹಿಡಿದು ನಿಂತಿದ್ದ ಧೂಳಮ್ಮ, "ಇರ್ಲಿ ಬಿಡ್ರಿ, ಇನ್ನ ಜರಾ ಕುಂದ್ರಲಿ" ಅಂದಳು. ಇಬ್ಬರೂ ಇಳಿದು ಬಂದ ಮೇಲೆ ಸೊಸೆಯ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಚೂಡಿದಾರ ನನಗೂ ಒಂದು ಹೊಲಿಯವ್ವ. ಸೀರ್ಯಾಗ ಈ ಪಟ್ಟಿ ಬಿಗಿಯಾಕ ಆಗಂಗಿಲ್ಲ" ಅಂದಳು.

ಈಗ ಧೂಳಮ್ಮನ ಸ್ವಸಹಾಯ ಗುಂಪಿನವರು ಕೂಡಿ ಒಂದು ಜೊತೆ ಹಗ್ಗ, ಹಾರ್ನೆಸ್, ಹೆಲ್ಮೆಟ್ ತಂದಿಟ್ಟಿದ್ದಾರೆ. ಐತವಾರ ಹೆಣ್ಣುಮಕ್ಕಳು ಆಟಕ್ಕೆ ಏರುತ್ತಾರೆ. ಸೊಪ್ಪು ಕಡಿಯುವ ಗಂಡಸರೂ ರಾಜೇಶ್ವರಿಯ ಹತ್ತಿರ ಗಂಟು ಕಲಿಯಲು ಬರುತ್ತಿದ್ದಾರೆ. ಕೊಡಲಿ ಹಿಡಿದು ಏರುವವರಿಗೆ ಇನ್ನೂ ಬೇರೆ ಕಲಿಕೆ ಬೇಕೆಂದು ಸ್ನೇಹಲ್ ಹೇಳುತ್ತಾಳೆ, ಕೊಡಲಿ ತಾಗಿದರೆ ಹಗ್ಗವೂ ಕಡಿದುಹೋಗುತ್ತದೆ. ಆದರೂ ಬರಿಗೈಯಲ್ಲಿ ಏರುವ ಹುಚ್ಚು ಧೈರ್ಯಕ್ಕೆ ಮೋರಖಂಡಿಯಲ್ಲಿ ಮೊದಲಿನ ಮರ್ಯಾದೆ ಉಳಿದಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಮರ ಯಾರೊಬ್ಬರ ಸ್ವತ್ತಲ್ಲ, ಗಂಡಸರದ್ದೂ ಅಲ್ಲ. ಏರಬೇಕೆಂಬ ಆಸೆಯಿದ್ದರೆ ಏರಿ, ಯಾರು ನಕ್ಕರೂ ಏರಿ. ಆದರೆ ಬಲ್ಲವರ ಹತ್ತಿರ ಕಲಿತು ಏರಿ, ಒಬ್ಬರೇ ಹೋಗಬೇಡಿ. ಮನುಷ್ಯರ ಭಾರಕ್ಕೆಂದೇ ಮಾಡಿದ ಹಗ್ಗ ಬಿಟ್ಟು ಬೇರೆ ಹಗ್ಗಕ್ಕೆ ಜೀವ ಕಟ್ಟಬೇಡಿ. ಹೆಲ್ಮೆಟ್ ಇಲ್ಲದೆ ಬುಡದ ಹತ್ತಿರವೂ ಹೋಗಬೇಡಿ. ತಲೆ ಎತ್ತಿ ಟೊಂಗೆ ಹಸಿರಾಗಿದೆಯೇ ನೋಡಿ. ತಂತಿ ಹಾದ ಮರ, ಜೇನು ಕಟ್ಟಿದ ಮರ, ಗುಡುಗು ಮಳೆಯ ದಿನ, ಇವು ಮೂರಕ್ಕೂ ಕೈ ಮುಗಿದು ವಾಪಸ್ ಬನ್ನಿ. ಪ್ರತಿ ಸಲವೂ ಗೇಣು ಎತ್ತರದಲ್ಲಿ ಕುಳಿತು ನೋಡಿಯೇ ಮೇಲೆ ಹೊರಡಿ.

ನಾಳೆ ನಿಮ್ಮ ಮನೆಯ ಮಗಳೋ ಸೊಸೆಯೋ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ, ಏರಬೇಡ ಅನ್ನಬೇಡಿ. ಕಟ್ಟಿಕೊಂಡೆಯಾ ಎಂದು ಕೇಳಿ.